ಅರಮನೆ ನೋಡದೆ ಬಂದವರು

ವಾರಕ್ಕೊಂದು ರಜೆ, ಅದೂ ಕೈಬಿಟ್ಟುಹೋಯಿತಲ್ಲ ಎಂದು ಗೊಣಗಿಕೊಳ್ಳುತ್ತಲೇ ವೇಣಿ ಹೂಡಿಯ ಟೆಕ್ ಪಾರ್ಕಿನ ಗೇಟಿನ ಮುಂದೆ ಬಂದು ನಿಂತಳು. ವಾರವಿಡೀ ಇದೇ ಗೇಟಿನೊಳಗೆ ನೆಲ ಒರೆಸಿ, ಕಾಫಿ ಲೋಟ ಎತ್ತಿ, ಟಾಯ್ಲೆಟ್ಟು ತೊಳೆದು ಸೊಂಟ ಬಿದ್ದುಹೋಗಿತ್ತು. ಈಗ ನೋಡಿದರೆ ಕಂಪನಿಯವರಿಗೆ ಇದ್ದಕ್ಕಿದ್ದಂತೆ ಹೌಸ್‌ಕೀಪಿಂಗ್ ಹೆಂಗಸರ ಮೇಲೆ ಪ್ರೀತಿ ಉಕ್ಕಿತ್ತು. ಭಾನುವಾರ ಬಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರು ತೋರಿಸುತ್ತಾರಂತೆ. ಬರಲೇಬೇಕೆಂದು ಯಾರೂ ಹೇಳಲಿಲ್ಲ. ಬರದವರು ಯಾರೆಂದು ಸೂಪರ್‌ವೈಸರ್ ಕೇಳುತ್ತಾನೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಖುಷಿಯಿಂದ ಬಂದವಳು ಮುನಿಯಕ್ಕ ಒಬ್ಬಳೇ. ಬೇಸ್‌ಮೆಂಟಿನ ಪಾರ್ಕಿಂಗ್ ಗುಡಿಸುವ ಮುನಿಯಕ್ಕ ಇವರೆಲ್ಲರಿಗಿಂತ ಹಿರಿಯಳು, ಹೂಡಿಯಲ್ಲೇ ಹುಟ್ಟಿ ಬೆಳೆದವಳು. ಗಂಡ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಅಂಥವಳು ಎಲ್ಲರಿಗಿಂತ ಮೊದಲು ಬರುತ್ತೇನೆಂದು ಹೇಳಿದ್ದು ವೇಣಿಗೆ ಸೋಜಿಗವೇ ಆಗಿತ್ತು. ಇವತ್ತು ಮದುವೆಗೆ ಹೊರಟವಳಂತೆ ಹೂ ಮುಡಿದು ಬಂದಿದ್ದಳು.

ಕಂಪನಿಯ ಕಡೆಯಿಂದ ಬಂದ ದಿವ್ಯಾ ಎಂಬ ಹುಡುಗಿ ಎಲ್ಲರಿಗೂ ಹಳದಿ ಟೀ ಶರ್ಟು ಕೊಟ್ಟು, ಸೀರೆಯ ಮೇಲೆಯೇ ಹಾಕಿಕೊಳ್ಳಲು ಹೇಳಿದಳು. ಬಸ್ಸು ಹೊರಟಿತು. ಟಿನ್ ಫ್ಯಾಕ್ಟರಿ ಬರುವ ಮೊದಲೇ ಮುನಿಯಕ್ಕನ ತಲೆ ವೇಣಿಯ ಹೆಗಲ ಮೇಲೆ ವಾಲಿತ್ತು. ಹಲಸೂರು ಯಾವಾಗ ಬಂತು, ಯಾವಾಗ ಹೋಯಿತು, ಅವಳಿಗೆ ತಿಳಿಯಲಿಲ್ಲ.

ವಿಧಾನಸೌಧದ ಮುಂದೆ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ಬಿಡುವಂತಿಲ್ಲ, ರಸ್ತೆಯಿಂದಲೇ ನೋಡಬೇಕು. ದಿವ್ಯಾ ಬ್ಯಾನರು ಬಿಚ್ಚಿಸಿ ಫೋಟೋ ತೆಗೆದಳು. "ಅಕ್ಕಂದಿರಾ, ಸ್ವಲ್ಪ ನಗ್ರೀ, ಪ್ಲೀಸ್!" ಅಂದಳು. ನಕ್ಕರು. ಸಾಲದೆಂದು ಮತ್ತೆ ನಗಿಸಿದಳು. ಟೀವಿಯಲ್ಲಿ ದಿನಾ ನೋಡುವ ಕಟ್ಟಡ, ಎದುರಿಗೆ ನಿಂತರೆ ಅಷ್ಟೇ ಇತ್ತು. ಕಾಲು ಮಾತ್ರ ಕಾಯ್ದುಹೋಯಿತು.

ಅಲ್ಲಿಂದ ಯಂತ್ರಗಳ ಮ್ಯೂಸಿಯಂ. ಹಳೆಯ ಎಂಜಿನ್ನು, ತಿರುಗುವ ಚಕ್ರ, ಬಾಯಿ ತೆರೆದು ಗುರುಗುಟ್ಟುವ ಡೈನೋಸಾರ್. ದಿವ್ಯಾ ಗೋಡೆಯ ಮೇಲಿನ ಬರಹಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಹೆಂಗಸರ ಕಣ್ಣು ನೆಲದ ಮೇಲಿತ್ತು. "ಇಷ್ಟು ಜನ ಓಡಾಡೋ ಕಡೆ ಒರೆಸೋದು ಎಷ್ಟು ಕಷ್ಟ ನೋಡೇ," ಎಂದು ಒಬ್ಬಳು ಪಿಸುಗುಟ್ಟಿದಳು. ಸೊಟ್ಟ ಕನ್ನಡಿಗಳ ಮುಂದೆ ಮಾತ್ರ ಎಲ್ಲರೂ ಮೈಮರೆತು ನಕ್ಕರು. ಒಬ್ಬಳು ಗಡಿಗೆಯಂತೆ ಊದಿಕೊಂಡರೆ ಇನ್ನೊಬ್ಬಳು ತೆಂಗಿನಮರ. ಮುನಿಯಕ್ಕ ನಗಲಿಲ್ಲ. ಗೋಡೆಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚಿದ್ದಳು.

ಊಟ ಕಬ್ಬನ್ ಪಾರ್ಕಿನ ಮರಗಳ ಕೆಳಗೆ. ಪೊಟ್ಟಣದ ಪಲಾವ್ ತಿಂದು, ಕೈ ತೊಳೆದು, ಇನ್ನು ಅರಮನೆಗೆ ಎಂದು ಎಲ್ಲರೂ ಎದ್ದರು. ದಿವ್ಯಾ ಎಣಿಸಿದರೆ ಒಬ್ಬರು ಕಡಿಮೆ.

"ಮುನಿಯಕ್ಕ ಎಲ್ಲಿ?"

ಕೈ ತೊಳೆಯಲು ಹೋದದ್ದನ್ನು ಕಂಡವರಿದ್ದರು, ಬಂದದ್ದನ್ನು ಕಂಡವರಿಲ್ಲ. ಫೋನು ರಿಂಗಾಗುತ್ತಲೇ ಇತ್ತು. ಪಕ್ಕದಲ್ಲಿ ಕೂತು ಬಂದವಳೆಂದು ಹುಡುಕುವ ಕೆಲಸ ವೇಣಿಯ ತಲೆಗೆ ಬಿತ್ತು. ಉಳಿದವರು ಬಸ್ಸಿನತ್ತ ನಡೆದರು.

ಬಾತುಹೋದ ಕಾಲನ್ನು ಎಳೆದುಕೊಂಡು ವೇಣಿ ಪಾರ್ಕೆಲ್ಲ ಸುತ್ತಿದಳು. ಈ ಮುದುಕಿಗೆ ಏನು ಬಂದಿತ್ತೋ ಎಂದು ಮೊದಲು ಬೈದುಕೊಂಡಳು. ಆಮೇಲೆ ದಾರಿಯಲ್ಲಿ ಕಂಡವರನ್ನೆಲ್ಲ ಕೇಳತೊಡಗಿದಳು. ಕೊನೆಗೆ ಒಂದು ಬಿದಿರು ಮೆಳೆಯ ಹಿಂದೆ ಹಳದಿ ಬಣ್ಣ ಕಂಡಿತು. ಮುನಿಯಕ್ಕ ಸೆರಗು ಹಾಸಿ, ಚಪ್ಪಲಿಯನ್ನೇ ತಲೆದಿಂಬು ಮಾಡಿಕೊಂಡು ಬಿದ್ದಿದ್ದಳು. ವೇಣಿ ಓಡಿಹೋಗಿ ಬಗ್ಗಿ ನೋಡಿದಳು. ಉಸಿರಾಡುತ್ತಿದ್ದಳು. ಗೊರಕೆಯೇ ಹೊಡೆಯುತ್ತಿದ್ದಳು.

"ಮುನಿಯಕ್ಕ, ಏಳಿ. ಬಸ್ಸು ಹೊರಡ್ತಿದೆ," ಎಂದು ಭುಜ ಅಲುಗಿಸಿದಳು.

ಮುನಿಯಕ್ಕ ಕಣ್ಣು ಬಿಡಲಿಲ್ಲ. ನಿದ್ದೆಯಲ್ಲೇ ಕೈ ಮಾತ್ರ ಎತ್ತಿ, "ಬಂದೆ ಇರು... ಮಗ್ಗುಲು ತಿರುಗಿಸ್ತೀನಿ... ಅಳಬ್ಯಾಡ," ಅಂದಳು. ಆ ಕೈ ಗಾಳಿಯಲ್ಲಿ ಯಾರನ್ನೋ ಹಿಡಿದು ಹೊರಳಿಸುವಂತೆ ಆಡಿ, ಮತ್ತೆ ಹುಲ್ಲಿನ ಮೇಲೆ ಬಿತ್ತು.

ವೇಣಿ ಅಲ್ಲೇ ಕುಕ್ಕರಿಸಿದಳು. ಮುನಿಯಕ್ಕನ ಗಂಡ ಮಲಗಿದಲ್ಲೇ ಇದ್ದಾನೆಂದು ಅವಳಿಗೆ ಗೊತ್ತಿತ್ತು. ರಾತ್ರಿಗಳು ಹೇಗೆ ಕಳೆಯುತ್ತವೆಂದು ಒಮ್ಮೆಯೂ ಕೇಳಿರಲಿಲ್ಲ.

ಫೋನು ಹೊಡೆದುಕೊಂಡಿತು. ದಿವ್ಯಾ.

"ವೇಣಿ ಅಕ್ಕ, ಸಿಕ್ಕಿದ್ರಾ?"

"ಸಿಕ್ಕಿದ್ರು ಮೇಡಂ. ಮಲ್ಕೊಂಡಿದಾರೆ."

"ಎಬ್ಬಿಸ್ಕೊಂಡು ಬೇಗ ಬನ್ನಿ ಅಕ್ಕ, ಪ್ಯಾಲೇಸ್ ಕ್ಲೋಸ್ ಆಗ್ಬಿಡತ್ತೆ."

ವೇಣಿ ಮುನಿಯಕ್ಕನ ಮುಖ ನೋಡಿದಳು. ಬಾಯಿ ಅರೆತೆರೆದು, ಹಣೆಯ ಗೆರೆಗಳೆಲ್ಲ ಸಡಿಲಾಗಿದ್ದವು. ಕೊರಳಿಗೆ ಐಡಿ ಕಾರ್ಡು ಹಾಕಿದವರಿಗೆ ವೇಣಿ ಇದುವರೆಗೆ ಆಗಲ್ಲ ಎಂದವಳಲ್ಲ.

"ಎಬ್ಬಿಸಲ್ಲ ಮೇಡಂ. ನೀವು ಹೊರಡಿ. ನಾವಿಬ್ರೂ ಮೆಟ್ರೋದಲ್ಲಿ ಬರ್ತೀವಿ."

"ಮೇನ್ ಗ್ರೂಪ್ ಫೋಟೋ ಪ್ಯಾಲೇಸಲ್ಲೇ ಇರೋದು ಅಕ್ಕ. ಎಲ್ಲರೂ ಇರ್ಬೇಕು ಅಂತ ಹೇಳಿದಾರೆ. ನನ್ನನ್ನ ಕೇಳ್ತಾರೆ."

"ಅವರಿಗೆ ಹುಷಾರಿಲ್ಲ ಅಂತ ಹೇಳಿ ಮೇಡಂ. ಸುಳ್ಳೇನಲ್ಲ."

ದಿವ್ಯಾ ಉಸಿರು ಬಿಟ್ಟದ್ದು ಕೇಳಿಸಿತು. "ಸರಿ ಅಕ್ಕ. ಹುಷಾರಾಗಿ ಬನ್ನಿ. ನಿಜ ಹೇಳ್ಬೇಕಂದ್ರೆ ನಂಗೂ ಸಾಕಾಗಿದೆ," ಎಂದು ಫೋನಿಟ್ಟಳು.

ವೇಣಿ ಟೀ ಶರ್ಟು ತೆಗೆದು ಮಡಿಸಿ, ಮೆಲ್ಲಗೆ ಮುನಿಯಕ್ಕನ ತಲೆಯ ಕೆಳಗೆ ತುರುಕಿದಳು. ಇರುವೆ ಹತ್ತದಂತೆ ಆಗಾಗ ಅವಳ ಸೆರಗಿನ ಅಂಚು ಕೊಡವಿದಳು. ಬಿಸಿಲು ಎಲೆಗಳ ಸಂದಿಯಿಂದ ಮುಖದ ಮೇಲೆ ಬಿದ್ದಾಗ ಜರುಗಿ ಅಡ್ಡ ಕೂತಳು. ಸೈಕಲ್ ಹುಡುಗರು ಕೂಗುತ್ತ ಹೋದರು, ನಾಯಿಯೊಂದು ಬಂದು ಮೂಸಿ ನೋಡಿತು. ಮುನಿಯಕ್ಕ ಮಗ್ಗುಲು ಕೂಡ ಬದಲಿಸಲಿಲ್ಲ. ವೇಣಿಗೂ ಕಣ್ಣು ಎಳೆಯುತ್ತಿತ್ತು, ಆದರೆ ಇಬ್ಬರ ಬ್ಯಾಗೂ ಕಾಯಬೇಕಿತ್ತು.

ಬಿಸಿಲಿಳಿದ ಮೇಲೆ ಮುನಿಯಕ್ಕ ದಡಕ್ಕನೆ ಎದ್ದು ಕೂತಳು. ಎಲ್ಲಿದ್ದೇನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಅಯ್ಯೋ, ಬಸ್ಸು?"

"ಹೋಯ್ತು ಅಕ್ಕ. ಆಗಲೇ ಹೋಯ್ತು."

"ನನ್ ದೆಸೆಯಿಂದ ನಿಂಗೂ ಅರಮನೆ ತಪ್ಪೋಯ್ತಲ್ಲಮ್ಮಿ!" ಮುನಿಯಕ್ಕ ಕೆನ್ನೆಗೆ ಅಂಟಿದ ಹುಲ್ಲು ತೆಗೆಯುತ್ತ ತಲೆ ತಗ್ಗಿಸಿದಳು. "ನಾನು ಊರು ನೋಡಕ್ಕೆ ಬಂದೋಳಲ್ಲ ಕಣಮ್ಮಿ. ಮಗಳು ರಾಣಿ ಬಂದವ್ಳೆ, ಅಪ್ಪನ್ನ ಒಂದಿನ ನಾನು ನೋಡ್ಕತೀನಿ ಅಂದ್ಲು. ಮನೇಲೇ ಮಲಗಾನ ಅಂದ್ರೆ ಆಗಲ್ಲ. ಅವರು ಒಸಿ ನರಳಿದ್ರೂ ನಂಗೆ ಎಚ್ಚರ ಆಗೋಯ್ತದೆ. ಅವರ ದನಿ ಕೇಳದಷ್ಟು ದೂರ ಓಗಬೇಕಾಗಿತ್ತು. ಬಸ್ಸಲ್ಲಿ ಸೀಟಾದ್ರೂ ಸಿಕ್ತದಲ್ಲ ಅಂತ ಬಂದೆ."

ವೇಣಿಗೆ ನಗು ಬಂತು. "ನಂಗೆ ಮೊದಲೇ ಹೇಳೋದಲ್ವಾ?"

"ಏನಂತ ಏಳ್ಲಿ? ಗಂಡನ ದನಿ ಬ್ಯಾಡ ಅಂತಾನಾ?"

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಎದ್ದರು. ಮೆಟ್ರೋ ಗಿಜಿಗುಡುತ್ತಿತ್ತು. ಇಂದಿರಾನಗರದವರೆಗೂ ನಿಂತೇ ಬಂದರು, ಆಮೇಲೆ ಒಂದು ಸೀಟಿನಲ್ಲಿ ಒತ್ತಿಕೊಂಡು ಕೂತರು.

ಹೂಡಿಯಲ್ಲಿ ಇಳಿದು ರಸ್ತೆಗೆ ಬಂದಾಗ ಮುನಿಯಕ್ಕ ಸೆರಗು ಸರಿಮಾಡಿಕೊಂಡಳು. ಆ ಹೊತ್ತಿಗಾಗಲೇ ಅವಳ ಮುಖ ಬಿಗಿಯತೊಡಗಿತ್ತು. ರಾಣಿ ನಾಳೆ ಬೆಳಗ್ಗೆ ಗಂಡನ ಮನೆಗೆ ಹೊರಡುವವಳು.

"ಅಕ್ಕ, ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಬಂದು ನಿಮ್ಮ ಯಜಮಾನರ ಹತ್ರ ಕೂತ್ಕೋತೀನಿ. ನೀವು ನಮ್ಮನೇಗೆ ಹೋಗಿ ಮಲ್ಕೊಳ್ಳಿ," ಅಂದಳು ವೇಣಿ. ಅಂದ ಮರುಕ್ಷಣವೇ, ನನಗಾದರೂ ಎಲ್ಲಿದೆ ತ್ರಾಣ ಎನ್ನಿಸಿತು. ಆದರೆ ಮಾತು ಆಡಿಯಾಗಿತ್ತು.

ಮುನಿಯಕ್ಕ ಬೇಡ ಅನ್ನಲಿಲ್ಲ. "ಅವರ ಬಾಯಿ ಜೋರು ಕಣಮ್ಮಿ. ಬೈತಾರೆ."

"ಬೈಲಿ ಬಿಡಿ. ಸೂಪರ್‌ವೈಸರ್‌ಗಿಂತಾನಾ?"

ಮುನಿಯಕ್ಕ ದಿನದಲ್ಲಿ ಮೊದಲ ಬಾರಿ ಬಾಯಿ ತುಂಬ ನಕ್ಕಳು. ನಕ್ಕು, ಬಾಡಿದ ಹೂವನ್ನು ತಲೆಯಿಂದ ಕಿತ್ತು ಬದಿಗೆ ಹಾಕಿ, ತನ್ನ ಓಣಿಯತ್ತ ಬಿರಬಿರನೆ ನಡೆದಳು.