ಮೂರನೆಯ ಸಾಲು

ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಪೈಕಿ ಅವನಲ್ಲ. ಅಂಬೆಗಾಲಿಡುತ್ತಿದ್ದಾಗಲೇ ಅಜ್ಜಿ ಅವನಿಗೆ ಪಾದರಸ ಎಂದು ಹೆಸರಿಟ್ಟಿದ್ದಳು. ದೀಕ್ಷಾಸ್ನಾನದ ದಿನ ಪಾದ್ರಿ ಇಟ್ಟ ಹೆಸರು ಪಾದ್ರಿಗಷ್ಟೇ ನೆನಪಿತ್ತು. ಈಗ ಆ ಪಾದರಸ, ಮೂವತ್ತು ದಾಟಿದ ಗಂಡಸು, ಅಪ್ಪನ ಬೇಕರಿಯ ಹಿಂದಿನ ಓಣಿಯಲ್ಲಿ ಮಧ್ಯಾಹ್ನದಿಂದ ಅತ್ತಿಂದಿತ್ತ ಇತ್ತಿಂದತ್ತ ತಿರುಗುತ್ತಿದ್ದ. ಹಿಂಬಾಗಿಲಿನವರೆಗೆ ಹೋಗುವುದು, ಚಿಲಕ ನೋಡುವುದು, ವಾಪಸ್ ಬರುವುದು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಅವನನ್ನೇ ನೋಡುತ್ತಾ ಒಂದೇ ಅಂಗಿಗೆ ನಾಲ್ಕು ಕ್ಲಿಪ್ಪು ಹಾಕಿದಳು.

ಒಳಗೆ ಹೋಗಲು ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಖಾತರಿ. ಅದು ಏನೆಂದು ತಿಳಿಯಬೇಕಾದರೆ ಆ ಬೇಕರಿಯ ಪದ್ಧತಿ ಗೊತ್ತಿರಬೇಕು.

ಅಮ್ಮ ಇಲ್ಲದ ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ. ಭಟ್ಟಿಗೆ ಟ್ರೇ ತಳ್ಳುವ ಮುನ್ನ, ಪ್ರತಿ ಸಲವೂ, ಮನೆಯವರೆಲ್ಲ ಭಟ್ಟಿಯ ಬಾಯಿಯ ಮುಂದೆ ನಿಂತು ಪ್ರಾರ್ಥಿಸಬೇಕೆಂದು ಅಜ್ಜಿ ಕಟ್ಟಳೆ ಮಾಡಿದ್ದಳು. ಪ್ರಾರ್ಥನೆಯೂ ಅವಳು ಕಟ್ಟಿದ್ದೇ. ನಾಲ್ಕೇ ಸಾಲು, ಒಬ್ಬೊಬ್ಬರಿಗೆ ಒಂದೊಂದು. ‘ಕರ್ತನೇ, ಹಿಟ್ಟು ನಿನ್ನದು, ನೀರು ನಿನ್ನದು’ ಎಂಬುದು ಅಪ್ಪನ ಸಾಲು. ‘ಬೆಂಕಿಯೂ ನಿನ್ನದೇ, ಅದು ನಮ್ಮನ್ನು ಸುಡದಿರಲಿ’ ಅಣ್ಣನದು. ‘ಹಸಿದು ಬಂದವರು ಬರಿಗೈಲಿ ಹೋಗದಿರಲಿ’ ಪಾದರಸನದು. ‘ನಿನ್ನ ಮಗನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್’ ಎಂದು ಅಜ್ಜಿ ಮುಗಿಸುತ್ತಿದ್ದಳು. ಒಬ್ಬರ ಸಾಲನ್ನು ಇನ್ನೊಬ್ಬರು ಹೇಳುವಂತಿಲ್ಲ. ಜ್ವರ ಬಂದು ಮಲಗಿದರೂ ಸರಿ, ಪರವೂರಿಗೆ ಹೋದರೂ ಸರಿ, ಅವರ ಸಾಲಿನ ಜಾಗದಲ್ಲಿ ಉಳಿದವರು ಒಂದು ಉಸಿರಿನಷ್ಟು ಸುಮ್ಮನಿದ್ದು ಮುಂದಕ್ಕೆ ಹೋಗಬೇಕು. ಸತ್ತವರ ಸಾಲು ಮಾತ್ರ ಬೇರೆಯವರಿಗೆ. ಅಜ್ಜಿಯನ್ನು ಮಣ್ಣು ಮಾಡಿ ಬಂದ ಮರುದಿನ ಅವಳ ಸಾಲು, ಅಲ್ಲಿಯವರೆಗೆ ಸಾಲಿಲ್ಲದೆ ನಿಲ್ಲುತ್ತಿದ್ದ ಅಕ್ಕನ ಪಾಲಿಗೆ ಬಂತು. ದೇವರು ಇಂಥ ಕಾನೂನನ್ನು ಕೇಳಿದ್ದನೋ ಇಲ್ಲವೋ, ಅಜ್ಜಿ ಹೇಳಿದ ಮೇಲೆ ಅವನೂ ಒಪ್ಪಲೇಬೇಕಿತ್ತು.

ಆರು ವರ್ಷದ ಹಿಂದೆ, ಅಜ್ಜಿ ಹೋದ ಮೇಲೆ, ಒಂದು ಸಂಜೆ ಭಟ್ಟಿ ನೋಡಿಕೊಳ್ಳುವ ಸರದಿ ಪಾದರಸನದಾಗಿತ್ತು. ಆಗ ಅವನಿಗೆ ಕುಡಿತ ತಲೆಗೇರಿದ್ದ ಕಾಲ. ಭಟ್ಟಿಯ ಬಾಯಿ ತೆರೆದಿಟ್ಟು ಹಿಟ್ಟಿನ ಮೂಟೆಗಳ ಮೇಲೆ ಬಿದ್ದು ಗೊರಕೆ ಹೊಡೆದ. ಕೆಂಡ ಸಿಡಿದು ಖಾಲಿ ಗೋಣಿಗಳಿಗೆ ಹತ್ತಿಕೊಂಡಿತು. ಅಣ್ಣ ಒಳನುಗ್ಗಿ ಅವನನ್ನು ದರದರ ಎಳೆದು ಹೊರಗೆ ಹಾಕಿದ. ಪಾದರಸನ ಕೂದಲೂ ಕೊಂಕಲಿಲ್ಲ. ಅಣ್ಣನ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಹಿಟ್ಟು ನಾದುವ ಕೈ ಅದು. ಆಸ್ಪತ್ರೆಯ ವರಾಂಡದಲ್ಲಿ ಅಣ್ಣನ ನರಳಾಟ ಕೇಳಿಸಿಕೊಂಡವನು ಒಳಗೆ ಕಾಲಿಡದೆ ಓಡಿದ, ಊರು ಬಿಡುವವರೆಗೂ ಓಡಿದ.

ಆಮೇಲೆ ಬಸ್ ಡಿಪೋ ಒಂದರಲ್ಲಿ ಬಸ್ಸು ತೊಳೆಯುವ ಕೆಲಸ. ಕುಡಿತ ಬಿಡಲು ನಾಲ್ಕು ವರ್ಷ ಹಿಡಿಯಿತು. ಭಾನುವಾರ ಯಾವುದಾದರೂ ಚರ್ಚಿಗೆ ಹೋಗಿ ಕಡೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಪಾದ್ರಿ ಆಶೀರ್ವಾದಕ್ಕೆ ಕೈ ಎತ್ತುವ ಮೊದಲೇ ಎದ್ದು ಹೊರಟಿರುತ್ತಿದ್ದ. ಆಶೀರ್ವಾದ ತನಗಲ್ಲ ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಬೇರೆ ಯಾವ ಪ್ರಾರ್ಥನೆಯೂ ಅವನ ಗಂಟಲಿಂದ ಹೊರಬರುತ್ತಿರಲಿಲ್ಲ. ಬಂದದ್ದು ಆ ಮೂರನೆಯ ಸಾಲು ಮಾತ್ರ. ಕ್ಯಾಂಟೀನಿನಲ್ಲಿ ತಟ್ಟೆಯ ಮುಂದೆ ಕೂತು ಅದೊಂದನ್ನು ಗೊಣಗಿ ಉಣ್ಣುತ್ತಿದ್ದ. ಮನೆಯಲ್ಲಿ ಇದೇ ಹೊತ್ತಿಗೆ ಭಟ್ಟಿಯ ಮುಂದೆ ಒಂದು ಉಸಿರಿನಷ್ಟು ಮೌನ ನನಗಾಗಿ ಇರುತ್ತದೆ ಎಂದುಕೊಳ್ಳುತ್ತಿದ್ದ. ಅಷ್ಟು ಜಾಗ ಇನ್ನೂ ಇದ್ದರೆ ವಾಪಸ್ ಹೋಗಬಹುದು. ಅದನ್ನು ಕಿವಿಯಾರೆ ಕೇಳಲೆಂದೇ ಈ ಹೊತ್ತು ಬಂದು ಓಣಿ ಸವೆಸುತ್ತಿದ್ದ.

ಬ್ರೆಡ್ಡಿನ ಟ್ರೇಗಳು ಭಟ್ಟಿಗೆ ಹೋಗುವ ಹೊತ್ತಾಯಿತು. ಒಳಗೆ ಟ್ರೇಗಳ ಸದ್ದು ನಿಂತಿತು. ಪಾದರಸ ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಹಚ್ಚಿದ.

ಅಪ್ಪನ ದನಿ ಮುದಿಯಾಗಿತ್ತು. ಹಿಟ್ಟು, ನೀರು ಎಲ್ಲ ಕರ್ತನದೆಂದು ಒಪ್ಪಿಸಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅಣ್ಣನ ದನಿ, ಸ್ಪಷ್ಟವಾಗಿ: “ಹಸಿದು ಬಂದವರು ಬರಿಗೈಲಿ ಹೋಗದಿರಲಿ.” ಅದರ ಹಿಂದೆಯೇ ಅಕ್ಕನ ಆಮೆನ್.

ಪಾದರಸ ಗೋಡೆ ಬಿಟ್ಟು ಸರಿದ. ತನ್ನ ಸಾಲನ್ನು ಅಣ್ಣನಿಗೆ ದಾಟಿಸಿಬಿಟ್ಟಿದ್ದಾರೆ. ತಾನು ಸತ್ತವರ ಲೆಕ್ಕಕ್ಕೆ ಸೇರಿದ್ದೇನೆ. ತಪ್ಪು ತನ್ನದೇ ಎಂದು ಗೊತ್ತಿದ್ದವನಿಗೂ ಕೋಪ ಬರುತ್ತದೆ, ಅದೇ ಮನುಷ್ಯನ ವಿಚಿತ್ರ. ಅವನಿಗೆ ಮೊದಲು ಕೋಪ ಬಂತು, ಆಮೇಲೆ ಅಳು. ಎರಡನ್ನೂ ಹೊತ್ತುಕೊಂಡು ಓಣಿಯ ತುದಿಯತ್ತ ದಾಪುಗಾಲು ಹಾಕಿದ.

“ಕಳ್ಳನ ಥರ ಬಂದು ಕಳ್ಳನ ಥರಾನೇ ಹೋಗ್ತಿದ್ಯಲ್ಲೋ.”

ಅಕ್ಕ. ಖಾಲಿ ಚೀಲ ಕೊಡವಲು ಹಿಂಬಾಗಿಲಿಗೆ ಬಂದಿದ್ದಳು. ಮುಖದ ತುಂಬ ಹಿಟ್ಟು. ಚೀಲ ಕೈಯಲ್ಲೇ ಉಳಿದಿತ್ತು.

“ನಾನು ಸತ್ತೋದೆ ಅಂದ್ಕೊಂಡ್ರಾ ಅಕ್ಕ?”

“ಯಾರು ಹೇಳಿದ್ರು ನಿಂಗೆ?”

“ಯಾರು ಹೇಳ್ಬೇಕು? ನಂಗೇ ಕೇಳಿಸ್ತು. ನನ್ನ ಸಾಲು ಅಣ್ಣ ಹೇಳ್ದ.”

“ಹೌದು, ಹೇಳ್ದ. ಅವನ ಸಾಲು ಯಾರು ಹೇಳಿದ್ರು?”

ಪಾದರಸ, ಅಪ್ಪನ ದನಿ ಮುಗಿದ ಮೇಲೆ ಏನಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ಬೆಂಕಿಯ ಮಾತೇ ಬಂದಿರಲಿಲ್ಲ.

“ಕಿವೀಲೇನು ಹಿಟ್ಟು ತುಂಬ್ಕೊಂಡಿದ್ಯಾ?” ಎಂದಳು ಅಕ್ಕ. “ಅವನ ಸಾಲು ಯಾರೂ ಹೇಳಲ್ಲ ಕಣೋ. ನೀನು ಹೋದಾಗಿಂದ ಹೇಳಿಲ್ಲ. ಅಪ್ಪಂಗೆ ಆಗ ಎಂಥ ಸಿಟ್ಟು ಗೊತ್ತಾ? ಇನ್ಮೇಲೆ ಮೂರೇ ಸಾಲು, ಆ ಓಡಿಹೋದವನದನ್ನ ಕಿತ್ತಾಕಿ ಅಂದ್ರು. ಅಣ್ಣ ಕೈಗೆ ಬ್ಯಾಂಡೇಜು ಸುತ್ಕೊಂಡು ಭಟ್ಟಿ ಮುಂದೆ ನಿಂತಿದ್ದ. ಒಂದು ಸಾಲು ಹೋಗ್ಲೇಬೇಕು ಅಂದ್ರೆ ನಂದು ಹೋಗ್ಲಿ ಅಪ್ಪ, ಅವನದು ಇರ್ಲಿ, ಅವನು ಬರೋ ತನಕ ನಾನೇ ಹೇಳ್ತೀನಿ ಅಂದ. ಅಜ್ಜಿ ಕಾನೂನು ಮುರಿದ, ಪಾಪಿ. ಅಪ್ಪ ಟ್ರೇನ ಭಟ್ಟಿಗೆ ತಳ್ಳಿದ್ರು.”

ಸುಟ್ಟುಕೊಂಡವನೇ, ಬೆಂಕಿ ಸುಡದಿರಲಿ ಎಂದು ಬೇಡುವ ತನ್ನ ಮಾತನ್ನು ಬಿಟ್ಟು, ಸುಟ್ಟವನ ಮಾತನ್ನು ಇಷ್ಟು ವರ್ಷ ಕಾದಿಟ್ಟಿದ್ದ.

“ಅಪ್ಪ ನನ್ನ ಒಳಗೆ ಬಿಡ್ತಾರಾ?”

“ನಂಗೇನು ಗೊತ್ತು? ಬನ್ನು ಹಾಕೋ ಹೊತ್ತಾಯ್ತು. ಬಾ, ನೋಡೇಬಿಡೋಣ.”

ಒಳಗೆ ಅದೇ ಬಿಸಿ, ಅದೇ ಹುಳಿ ಹಿಟ್ಟಿನ ವಾಸನೆ. ಅಣ್ಣ ಮೇಜಿನ ಮೇಲೆ ಬನ್ನಿನ ಉಂಡೆಗಳನ್ನು ಎಡಗೈಯಿಂದ ಉರುಳಿಸಿ ಟ್ರೇಗೆ ಜೋಡಿಸುತ್ತಿದ್ದ. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತೆ ಮಡಚಿದ್ದವು. ಅದರಿಂದ ಟ್ರೇಯ ಅಂಚನ್ನು ಒತ್ತಿ ಹಿಡಿದಿದ್ದ. ತಲೆಯೆತ್ತಿ ತಮ್ಮನನ್ನು ನೋಡಿ ಹಾಗೇ ನಿಂತುಬಿಟ್ಟ. ಅಪ್ಪ ಟ್ರೇ ತಳ್ಳುವ ಉದ್ದ ಹಿಡಿಯ ಮರದ ಹಲಗೆ ಹಿಡಿದು ಭಟ್ಟಿಯ ಪಕ್ಕ ನಿಂತಿದ್ದರು. ಅವರು ಪಾದರಸನ ಮುಖ ನೋಡಲಿಲ್ಲ, ಕೈ ನೋಡಿದರು. ಡಿಪೋದ ಗ್ರೀಸಿನ ಕಪ್ಪು ಉಗುರ ಸಂದಿಯಲ್ಲಿ ಇನ್ನೂ ಇತ್ತು.

“ಕೈ ತೊಳ್ಕೊ,” ಎಂದರು ಅಪ್ಪ.

ಅಷ್ಟೇ. ಪಾದರಸ ಮೂಲೆಯ ನಲ್ಲಿಯಲ್ಲಿ ಕೈ ಉಜ್ಜಿದ, ಮತ್ತೆ ಉಜ್ಜಿದ. ಬಂದು ಅಣ್ಣನ ಪಕ್ಕದಲ್ಲಿ, ತನ್ನ ಹಳೆಯ ಜಾಗದಲ್ಲಿ ನಿಂತ. ಕಾಲು ನಿಲ್ಲುತ್ತಿರಲಿಲ್ಲ, ಹಿಮ್ಮಡಿ ನೆಲಕ್ಕೆ ಟಪಟಪ ಬಡಿಯುತ್ತಿತ್ತು.

ಅಪ್ಪ ತಮ್ಮ ಸಾಲು ಹೇಳಿದರು. ಅಣ್ಣ ಕೆಮ್ಮಿದ. ಬಳಸದೆ ಇಟ್ಟ ಬೀಗದ ಹಾಗೆ ಆ ಸಾಲು ತಡೆದು ತಡೆದು ಬಂತು. “ಬೆಂಕಿಯೂ... ನಿನ್ನದೇ. ಅದು ನಮ್ಮನ್ನು ಸುಡದಿರಲಿ.” ಹೇಳಿ ಮುಗಿಸಿ ಮುಖವನ್ನು ತೋಳಿಗೆ ಒರೆಸಿಕೊಂಡ.

ಈಗ ಎಲ್ಲರೂ ಕಾಯುತ್ತಿದ್ದರು. ಡಿಪೋದ ಕ್ಯಾಂಟೀನಿನಲ್ಲಿ ದಿನವೂ ಬರುತ್ತಿದ್ದ ಮಾತು ಇಲ್ಲಿ ಬರಲೊಲ್ಲದು. ಪಾದರಸ ತುಟಿ ಅಲ್ಲಾಡಿಸಿದ, ಗಾಳಿ ಮಾತ್ರ ಹೊರಟಿತು. ಟ್ರೇಯಲ್ಲಿ ಬನ್ನುಗಳು ಉಬ್ಬಿ ಒಂದಕ್ಕೊಂದು ತಾಗತೊಡಗಿದವು. ಒಂದು ನಿಮಿಷ ತಡವಾದರೂ ಬೇಕರಿಯನ್ನೇ ತಲೆ ಮೇಲೆ ಹೊರುವ ಅಪ್ಪ ಹಲಗೆ ಹಿಡಿದು ಅಲುಗದೆ ನಿಂತಿದ್ದರು.

“ಅಪ್ಪ, ಬನ್ನು ಉಬ್ಬಿ ಹೋಗ್ತಿದೆ,” ಎಂದಳು ಅಕ್ಕ ಮೆಲ್ಲಗೆ.

“ಉಬ್ಲಿ ಬಿಡು,” ಎಂದರು ಅಪ್ಪ. “ಅವನು ಹೇಳ್ಲಿ.”

ಅಣ್ಣನ ಮಡಚಿದ ಕೈ ಬಂದು ಪಾದರಸನ ಬೆನ್ನ ಮೇಲೆ ಕೂತಿತು. ಆಗ ಅಳು ಮೊದಲು ಬಂತು, ಅದರ ಬೆನ್ನಿಗೆ ಮಾತು. “ಹಸಿದು ಬಂದವರು,” ಎಂದ, ನಿಲ್ಲಿಸಿದ, ಮೊದಲಿನಿಂದ ಶುರು ಮಾಡಿದ. “ಹಸಿದು ಬಂದವರು ಬರಿಗೈಲಿ ಹೋಗದಿರಲಿ.”

ಅಕ್ಕ ಆಮೆನ್ ಹೇಳುವುದನ್ನೇ ಮರೆತಳು. ಅಪ್ಪ ಗದರಿಸಿ ಹೇಳಿಸಿದರು.

ಆ ಸಂಜೆಯ ಬನ್ನು ಯಾರಿಗೂ ಮಾರುವ ಹಾಗಿರಲಿಲ್ಲ. ಉಬ್ಬಿ, ಕುಸಿದು, ಒಂದಕ್ಕೊಂದು ಮೆತ್ತಿಕೊಂಡಿದ್ದವು. ಅಪ್ಪ ಅದರಲ್ಲಿ ಒಂದನ್ನು ಕಿತ್ತು, ಬಿಸಿಬಿಸಿಯಾಗಿದ್ದಂತೆಯೇ ಪಾದರಸನ ಕೈಗಿಟ್ಟರು. “ಕೂತ್ಕೊಂಡು ತಿನ್ನು,” ಎಂದರು. ಪಾದರಸ ಹಿಟ್ಟಿನ ಮೂಟೆಯ ಮೇಲೆ ಕೂತ, ಬನ್ನು ಮುಗಿಯುವವರೆಗೂ ಏಳಲಿಲ್ಲ.