‘ಮನೆ’ಯಲ್ಲಿ ಒಂದು ಕಡಿಮೆ

ಕಿಟಕಿಯ ಕಂಬಿ ಬೆಚ್ಚಗಿದೆ, ಕೆಳಗೆ ಕೃಷ್ಣೆ ನಿದ್ದೆಗಣ್ಣಿನಲ್ಲಿ ಹರಿಯುತ್ತಿದ್ದಾಳೆ, ಸೇತುವೆಯ ಪ್ರತಿ ಸಂದಿಗೂ ಬಸ್ಸು ಒಮ್ಮೆ ತೂಗುತ್ತದೆ, ಕಣ್ಣು ಮುಚ್ಚಿದರೆ ನೀರಿನ ಮೇಲೆ ಅಲ್ಪವಿರಾಮಗಳು ತೇಲುತ್ತವೆ — ಎರಡು ವರ್ಷದಿಂದ ಹೀಗೇ, ಶಾಲೆಯ ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಂ ಬರೆಯಲೆಂದು ನಾನೂ ಸಹೋದ್ಯೋಗಿ ಸುರಜನೂ ಪುಟ್ಟ ಭಾಷೆಯೊಂದನ್ನು ಕಟ್ಟುತ್ತಿದ್ದೇವೆ, ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಮುಗಿದ ಮೇಲೆ, ಚಹಾ ಆರುವವರೆಗೆ, ಒಂದೊಂದು ಚಿಹ್ನೆಗೂ ಜಗಳ. ಪಟ್ಟಿಯೊಂದನ್ನು ಒಂದೇ ಸಾಲಿನಲ್ಲಿ ಬಿಚ್ಚಿ ಬೇರೆ ಬೇರೆ ಹೆಸರುಗಳಿಗೆ ಹಂಚುವುದು ಹೇಗೆ, ‘ಒಬ್ಬರು, ಇನ್ನೊಬ್ಬರು, ಉಳಿದವರು = ಮನೆ’, ಎಷ್ಟು ಚಂದ ಕಂಡಿತ್ತು, ‘ಉಳಿದವರು’ ನನ್ನ ಶಬ್ದ, ಎಷ್ಟೇ ಜನರಿರಲಿ, ಯಾರೂ ಇಲ್ಲದಿರಲಿ, ಅದಕ್ಕೆ ತಕರಾರಿಲ್ಲ, ಆದರೆ ಮೊದಲ ಎರಡು ಹೆಸರಿಗೇ ಸಾಲದಿದ್ದರೆ? ಪ್ರೋಗ್ರಾಂ ಅಲ್ಲೇ ನಿಲ್ಲಿಸಿಬಿಡೂಣ್ರಿ ತೃಪ್ತಿ ಮೇಡಮ್, ಸುಮ್ನ ಖಾಲಿ ಬಿಟ್ರ ತಪ್ಪು ಒಳಗಽ ಕುಂತು ಕೊಳೀತೈತಿ, ಅಂದಿದ್ದ ಸುರಜ, ಹೌದು ಅಂದಿದ್ದೆ, ಕೆಂಪಕ್ಷರದ ಸಂದೇಶವನ್ನು ನಾನೇ ಬರೆದಿದ್ದೆ.

ಇವತ್ತು ಶೇಡಬಾಳದ ಶಾಲೆ, ಏಳನೆಯ ತರಗತಿ, ಮನೆಯವರ ಹೆಸರು ಬರೀರಿ ಅಂದೆ, ಹುಡುಗರು ಎಮ್ಮೆಯ ಹೆಸರನ್ನೂ ಸೇರಿಸಿ ನಕ್ಕರು, ಸ್ನೇಹಲ ಮಾತ್ರ ಒಂದೇ ಹೆಸರು ಬರೆದಳು, ಅಕ್ಕುತಾಯಿ, ಅವಳ ಅಜ್ಜಿ, ಗುಂಡಿ ಒತ್ತಿದಳು, ಪರದೆಯ ಮೇಲೆ ಕೆಂಪಗೆ ‘ದೋಷ: ಮನೆಯಲ್ಲಿ ಒಂದು ಕಡಿಮೆ’. ಮೇಡಮ್, ನಮ್ಮ ಮನಿ ತಪ್ಪೈತೇನ್ರಿ? ನಿಯಮ ಹಂಗಽ ಐತವ್ವಾ ಅಂದೆ, ಹೌದು, ಅದನ್ನೇ ಅಂದೆ, ಅವಧಿಯ ಗಂಟೆ ಹೊಡೆಯಿತು, ಚೀಲ ಎತ್ತಿಕೊಂಡು ಬಂದುಬಿಟ್ಟೆ — ಮಾಂಜರಿಯಲ್ಲಿ ಹತ್ತಿದ ಮುದುಕಿ, ಜಾಗಾ ಇದ್ರ ಕುಂದರ್ತೀನಿ, ಇಲ್ಲಂದ್ರ ನಿಲ್ತೀನಪಾ, ಅನ್ನುತ್ತಾಳೆ, ಇದ್ದರೆ, ಇದ್ದರೆ, ‘ಒಬ್ಬರು, ಇನ್ನೊಬ್ಬರು ಇದ್ದರೆ, ಉಳಿದವರು = ಮನೆ’, ಹೆಸರಿನ ಪಕ್ಕದಲ್ಲಿ ಒಂದೇ ಪದ, ಇರದೆಯೂ ಇರಬಹುದೆಂದು ಬರೆಯುವವರೇ ಮೊದಲು ಹೇಳಿಬಿಡಲಿ, ಆಗ ಅಲ್ಲಿ ಖಾಲಿ ಉಳಿಯಲಿ, ಕೆಂಪು ಬೇಡ. ಸುರಜನಿಗೆ ಫೋನು, ಅವನು ಕೇಳಿದ, ಆ ಪದ ಬರೀಲಿಲ್ಲಂದ್ರ ಮೊದಲಿನಂಗಽ ನಿಲ್ಲತೈತಲ್ರಿ? ನಿಲ್ಲತೈತಿ. ಹಂಗಿದ್ರ ಆತು, ಮಾಡೂಣ್ರಿ. ಹಗುರಾಗಬೇಕಿತ್ತು. ಅಂಕಲಿ, ಅಂಕಲಿ ಇಳೀರಿ, ಕಂಡಕ್ಟರ್ ಕೂಗುತ್ತಾನೆ, ನಾನೇಕೆ ಇಳಿದೆ, ಬಸ್ಸು ನಾನಿಲ್ಲದೆ ಚಿಕ್ಕೋಡಿಗೆ ಹೋಯಿತು, ಎದುರು ಬದಿಯಲ್ಲಿ, ಮರಳಿ ಶೇಡಬಾಳದ ಕಡೆಗೆ ಹೋಗಲು, ಕಾಗವಾಡದ ಬಸ್ಸಿಗೆ ನಿಂತಿದ್ದೇನೆ, ಶಾಲೆ ಬಿಡಲು ಇನ್ನೂ ಎರಡು ತಾಸು, ಸ್ನೇಹಲ ಸಿಗುತ್ತಾಳೆ, ಹೊಸ ಪದ ತೋರಿಸಬಹುದು, ಇಲ್ಲ, ಮೊದಲು ನಿಮ್ಮ ಮನಿ ತಪ್ಪಿಲ್ಲವ್ವಾ, ನಾ ಬರದದ್ದು ತಪ್ಪಿತ್ತು ಅನ್ನಬೇಕು, ಆಮೇಲೆ — ಬಿಸಿಲು, ಕಬ್ಬಿನ ಟ್ರ್ಯಾಕ್ಟರ್, ಧೂಳು, ಆಮೇಲೆ ಏನು — ಹೊರಡುವಾಗ ತರಗತಿಯ ಬಾಗಿಲಲ್ಲಿ ತಿರುಗಿ ನೋಡಿದಾಗ ಅವಳು ಪಕ್ಕದವರಿಗೆ ಕಾಣದಂತೆ ಆ ಸಾಲಿನ ಮೇಲೆ ಅಂಗೈ ಇಟ್ಟಿದ್ದಳು, ಬೆರಳ ಸಂದಿಯಲ್ಲಿ ಕೆಂಪು, ಅಂಗೈ, ಎಷ್ಟು ಚಿಕ್ಕದು, ಬೆರಳ ಸಂದಿಯಲ್ಲಿ ಕೆಂಪು —