ಬಳೆಯಂಚಿನ ಕೆಂಪು ಗೆರೆ

ರಾಡೆಮಾಯರ್ ತಂದ ಹೊಸ ದುರ್ಬೀನು ಬಿಯರ್ ಬಾಟಲಿಯಷ್ಟು ದಪ್ಪಗಿತ್ತು. ಬೇಟೆ ಶಿಬಿರದ ಒಡೆಯ ಅವನು. ಹೋದ ವರ್ಷದ ಅತಿಥಿಯೊಬ್ಬ ಉಡುಗೊರೆಯಾಗಿ ಕೊಟ್ಟಿದ್ದನಂತೆ. ಕಾಡುಕೋಣದ ಬೇಟೆಗೆ ಅತಿಥಿಗಳ ಕೈಗೆ ಕೊಡುವ ತನ್ನ ದೊಡ್ಡ ಕೋವಿಯ ಮೇಲೆ ಇದನ್ನು ಕೂರಿಸು ಎಂದು ಸಿಖಾಂಗೆಲೆಯ ಮೇಜಿನ ಮೇಲಿಟ್ಟ. ಗ್ವಾಯಿ ನದಿಯ ಆ ದಂಡೆಯಲ್ಲಿ ಕೋವಿ ರಿಪೇರಿ ಬಲ್ಲವಳು ಅವಳೊಬ್ಬಳೇ.

ಅವಳು ದುರ್ಬೀನನ್ನು ಅಂಗೈಯಲ್ಲಿ ತೂಗಿ ನೋಡಿದಳು. ಆಮೇಲೆ ಅದನ್ನು ಕೋವಿಯ ಬೆನ್ನಿಗೆ ಹಿಡಿದು ನಿಲ್ಲಿಸಬೇಕಾದ ಎರಡು ಬಳೆಗಳನ್ನು ನೋಡಿದಳು. ತೆಳ್ಳನೆಯ ಅಲ್ಯೂಮಿನಿಯಂ, ಒಂದೊಂದಕ್ಕೆ ಎರಡೇ ಪುಟಾಣಿ ಸ್ಕ್ರೂ. ಈ ಕೋವಿಯೋ ಕತ್ತೆಯ ಹಾಗೆ ಒದೆಯುತ್ತದೆ. ಒದ್ದಾಗ ಕೋವಿ ಹಿಂದಕ್ಕೆ ಬರುತ್ತದೆ, ಭಾರದ ದುರ್ಬೀನು ಇದ್ದಲ್ಲೇ ಇರುತ್ತೇನೆಂದು ಹಠ ಹಿಡಿಯುತ್ತದೆ. ಇಬ್ಬರ ಜಗಳದಲ್ಲಿ ಬಳೆ ಸೋಲುತ್ತದೆ.

"ಇದು ಮೊಲ ಹೊಡೆಯೋ ಕೋವಿಗೆ ಸರಿ ಬಾಸ್. ಇದಕ್ಕೆ ಹಳೇದೇ ಇರ್ಲಿ" ಎಂದಳು. ಹಳೆಯದು ಚಿಕ್ಕದು, ಹಗುರ. ದೂರದ್ದನ್ನು ಅಷ್ಟೇನೂ ಹತ್ತಿರ ತೋರಿಸುವುದಿಲ್ಲ. ಆದರೆ ಅದರ ಬಳೆಗಳು ಅಗಲವಾದ ಉಕ್ಕಿನವು, ಒಂದೊಂದಕ್ಕೂ ನಾಲ್ಕು ಸ್ಕ್ರೂ.

ಅತಿಥಿಗಳು ಅದನ್ನು ಕಂಡು ನಗುತ್ತಾರೆ ಎಂದ ರಾಡೆಮಾಯರ್. ತಿಂಡಿ ಮುಗಿಯುವಷ್ಟರಲ್ಲಿ ಕೂರಿಸು, ಇಲ್ಲವೇ ಗಂಟುಮೂಟೆ ಕಟ್ಟು ಎಂದೂ ಸೇರಿಸಿದ.

ನಗುವವರು ನಗಲಿ. ಅವರು ಕಾಡುಕೋಣದ ಮುಂದೆ ನಡೆಯುವವರಲ್ಲವಲ್ಲ! ಮುಂದೆ ನಡೆಯುವವನು ಅವಳು ಬಾಬಾ ಎಂದು ಕರೆಯುವ ಅಪ್ಪ ಮಾಫು, ಹೆಜ್ಜೆಗುರುತು ನೋಡಿ ಪ್ರಾಣಿಯ ಜಾಡು ಹಿಡಿಯುವ ಶಿಬಿರದ ಹೆಜ್ಜೆಗಾರ. ಎರಡು ವರ್ಷದ ಹಿಂದೆ ಒಬ್ಬ ಅತಿಥಿಯ ಕೋವಿಯಲ್ಲಿ ಹೀಗೇ ದುರ್ಬೀನು ಸರಿದು, ಎದೆಗೆ ಬೀಳಬೇಕಾದ ಗುಂಡು ಕೋಣದ ಹೊಟ್ಟೆಗೆ ಬಿದ್ದಿತ್ತು. ರಕ್ತದ ಜಾಡು ಹಿಡಿದು ಪೊದೆಗೆ ಹೋದ ಮಾಫುವಿನ ನಾಲ್ಕು ಪಕ್ಕೆಲುಬು ಮುರಿದವು. ಇಂದಿಗೂ ಅವನು ಎಡಮಗ್ಗುಲಲ್ಲಿ ಮಲಗಲಾರ.

ಅಂಥ ಮಾಫುವೇ ಆ ಬೆಳಿಗ್ಗೆ ಮೆಕ್ಕೆಜೋಳದ ಮುದ್ದೆ ಮುರಿಯುತ್ತ, ಹೇಳಿದಷ್ಟು ಮಾಡಿ ಸುಮ್ಮನಿರು ಮಗಳೇ ಎಂದ. ಒಡೆಯನ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಅವಳಿಗೆ ಆಗ ಅಪ್ಪನ ಮೇಲೆ ಬಂತು.

ಅವಳು ದುರ್ಬೀನು ಕೂರಿಸಿದಳು. ಆದರೆ ಸ್ಕ್ರೂಗಳನ್ನು ಬಿಗಿಯಲಿಲ್ಲ; ಅವಳು ಸರಿಯಾಗಿ ಬಿಗಿದಿರಲಿಲ್ಲ ಎಂಬ ಮಾತು ಆಮೇಲೆ ಬರಬಾರದಿತ್ತು. ಕೋವಿಯನ್ನು ಅಂಗಳಕ್ಕೆ ತಂದು, ಎಲ್ಲರೆದುರು ಸ್ಕ್ರೂಡ್ರೈವರನ್ನು ರಾಡೆಮಾಯರನ ಕೈಗೆ ಕೊಟ್ಟು, ನೀವೇ ಬಿಗಿಯಿರಿ ಎಂದಳು. ಅವನು ಹಲ್ಲು ಕಚ್ಚಿ ಬಿಗಿದ. ಅವಳು ಉಗುರುಬಣ್ಣದ ಶೀಶೆ ತೆಗೆದು, ಬಳೆಯ ಮೇಲಿಂದ ದುರ್ಬೀನಿನ ಮೇಲಕ್ಕೆ ಕೂದಲೆಳೆಯಂಥ ಒಂದು ಕೆಂಪು ಗೆರೆ ಎಳೆದಳು.

ಕಾಡಿಗೆ ಹೋಗುವ ಕೋವಿ ಮೊದಲು ಹೆಜ್ಜೆಗಾರರ ಕಣ್ಣೆದುರು ಕಾಗದಕ್ಕೆ ಐದು ಗುಂಡು ಹೊಡೆಯಬೇಕು, ಆಮೇಲೇ ಅವರು ತಮ್ಮ ಕೋಲು ಎತ್ತಿಕೊಂಡು ಜಾಡು ಹಿಡಿದು ಹೊರಡುತ್ತಾರೆ. ಅಲ್ಲಿನ ಪದ್ಧತಿ ಅದು. ಒಡೆಯನ ಕೋವಿಗೆ ಮಾತ್ರ ಯಾರೂ ಅದನ್ನು ಕೇಳಿರಲಿಲ್ಲ. ಅಂದು ಸಿಖಾಂಗೆಲೆ ಕೇಳಿದಳು. ಅಂದು ಬೇಟೆಗೆ ಬಂದಿದ್ದ ಅತಿಥಿ ಚಹಾದ ಲೋಟ ಹಿಡಿದು ನೋಡುತ್ತಿದ್ದ. ರಾಡೆಮಾಯರ್ ಒಲ್ಲೆ ಎನ್ನುವಂತಿರಲಿಲ್ಲ, ತಾನೇ ಕೋವಿ ಎತ್ತಿ ಗುರಿಯಿಟ್ಟ.

ಮೊದಲ ಎರಡು ಗುಂಡು ಅಂಗೈಯಗಲದೊಳಗೆ ಬಿದ್ದವು. ಮೂರನೆಯದು ಒಂದು ಗೇಣು ಮೇಲೆ. ನಾಲ್ಕನೆಯದು ಕಾಗದದ ಅಂಚು ಹರಿಯಿತು. ಐದನೆಯದಕ್ಕೆ ಹಿಂದಿನ ಹುತ್ತದಿಂದ ಮಣ್ಣು ಹಾರಿತು.

ಅವಳು ಗೆರೆ ತೋರಿಸಿದಳು. ಬಳೆಯ ಮೇಲಿನ ತುಂಡು ಅಲ್ಲೇ ಇತ್ತು, ದುರ್ಬೀನಿನ ಮೇಲಿನ ತುಂಡು ಜೋಳದ ಕಾಳಿನಷ್ಟು ಮುಂದೆ ಸರಿದಿತ್ತು.

"ಅತಿಥಿಗಳು ಹೊಡೆಯೋದು ಒಂದೇ ಗುಂಡು. ಒಂದಕ್ಕೇನೂ ಆಗಲ್ಲ" ಎಂದ ರಾಡೆಮಾಯರ್. ಕಣ್ಣು ಮಾತ್ರ ನೆಲದ ಮೇಲಿತ್ತು.

"ಆಯ್ತು ಬಾಸ್. ಹಾಗಾದ್ರೆ ಇವತ್ತು ಬಾಬಾ ಬೇಡ, ನೀವು ಮುಂದೆ ನಡೀರಿ. ಇದೇ ಕೋವಿ ಹಿಡ್ಕೊಂಡು ನಾನು ಹಿಂದೆ ಬರ್ತೀನಿ."

ಮಾಫು ಎದ್ದ. ಹೊಡೆತಕ್ಕೋ ಬೈಗುಳಕ್ಕೋ ಸಿಖಾಂಗೆಲೆ ಸಿದ್ಧಳಾಗಿಯೇ ನಿಂತಿದ್ದಳು. ಅವನು ತನ್ನ ಕೋಲನ್ನು ತಂದು ಮೇಜಿನ ಮೇಲೆ ಅಡ್ಡಡ್ಡ ಇಟ್ಟು, ಮಗಳ ಪಕ್ಕಕ್ಕೆ ಬಂದು ನಿಂತ. ಉಳಿದಿಬ್ಬರು ಹೆಜ್ಜೆಗಾರರೂ ಹಾಗೇ ಮಾಡಿದರು. ಅವಳ ಕಣ್ಣು ತುಂಬಿತು, ಆದರೆ ಒರೆಸಿಕೊಳ್ಳಲಿಲ್ಲ.

ರಾಡೆಮಾಯರ್ ಸ್ಕ್ರೂಡ್ರೈವರ್ ಎತ್ತಿಕೊಂಡು ಹೊಸ ಬಳೆಯನ್ನು ಸಡಿಲಿಸಲು ಹೋದ.

"ಬಿಡಿ, ಅದು ನನ್ನ ಕೆಲಸ" ಎಂದು ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

ಉಕ್ಕಿನ ಬಳೆ, ಹಳೆಯ ದುರ್ಬೀನು, ಮತ್ತೊಂದು ಕೆಂಪು ಗೆರೆ. ಈ ಸಲ ಕೋವಿಯನ್ನು ಹೆಗಲಿಗೇರಿಸಿದವಳು ಅವಳೇ. ಅದು ಐದು ಸಲ ಒದೆಯಿತು. ಐದೂ ಗುಂಡು ಅಂಗೈಯಷ್ಟು ಜಾಗದೊಳಗೆ ಬಿದ್ದವು. ಹೆಗಲು ಉರಿಯುತ್ತಿತ್ತು, ಗೆರೆ ಒಂದಿಷ್ಟೂ ಕದಲಿರಲಿಲ್ಲ. ರಾಡೆಮಾಯರ್ ಮಾಫುವಿನ ಕಡೆ ತಿರುಗಿ ಹೊರಡೋಣವೇ ಎಂದು ಕೇಳಿದ. ಮಾಫು ಮಗಳ ಮುಖ ನೋಡಿದ.

"ಬಾಬಾ, ಈಗ ಕೋಲು ತಗೋ" ಎಂದಳು ಸಿಖಾಂಗೆಲೆ.